ನಮ್ಮ ಲೈನಿಗೆ ಬಂದ ಟೆಲಿಫೋನು

ಕರೆದಾಗಲೆಲ್ಲ ಕೆಲಸಕ್ಕೆ ಹಾಜರಾಗಬೇಕಾದ ನೌಕರನ ಮನೆಗೆ ಧಣಿಗಳು ಟೆಲಿಫೋನ್ ಹಾಕಿಸಿಕೊಡಬೇಕೆ, ಬೇಡವೆ ಎಂಬ ಗಹನವಾದ ಪ್ರಶ್ನೆಯ ಮೇಲೆ ಒಮ್ಮೆ ನನ್ನ ಲಿಖಿತ ಅಭಿಪ್ರಾಯವನ್ನು ಕೇಳಲಾಗಿತ್ತು. ಅದಕ್ಕೆ ಮುಂಚೆ ಯಾರೂ ನನ್ನ ಅಭಿಪ್ರಾಯ ಕೇಳಿದ್ದಿಲ್ಲ. ಆಮೇಲೂ ಕೇಳಲಿಲ್ಲ. ಮನೆಯಲ್ಲಂತೂ ಸಾರಿಗೆ ಉಪ್ಪು ಸಾಕೇ ಎಂಬ ವಿಷಯದಲ್ಲಿ ಸಹ ಇಲ್ಲ. ಆದ್ದರಿಂದ ನನ್ನ ಜೀವಮಾನದ ಏಕೈಕ ಅಭಿಪ್ರಾಯ ಹುಟ್ಟಿದ ಬಗೆಯನ್ನು ಬರೆದಿಡುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ಐವತ್ತರ ದಶಕದ ಕೊನೆಯ ಮಾತು. ಆಗ ನಾನು ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯ ಒಂದು ಶಾಫ್ಟಿನಲ್ಲಿ ಫಿಟ್ಟರ್. ಶಾಫ್ಟ್ ಎಂದರೆ ಗಣಿಗೆ ಇಳಿಯುವ ಬಾವಿ. ಅದರೊಳಗೆ ಜನರನ್ನೂ ಕಲ್ಲನ್ನೂ ಇಳಿಸಿ ಏರಿಸುವ ದೊಡ್ಡ ಯಂತ್ರ ನೆಲದ ಮೇಲೆ ತನ್ನದೇ ಒಂದು ಮನೆ ಮಾಡಿಕೊಂಡಿತ್ತು. ಅದರ ಆರೋಗ್ಯ ನೋಡಿಕೊಳ್ಳಲು ನಾವು ಮೂವರು ಫಿಟ್ಟರುಗಳು. ಮೂರು ವಾರಕ್ಕೊಮ್ಮೆ ಒಬ್ಬೊಬ್ಬನಿಗೆ ಕಾಲ್ ವಾರ. ಆ ವಾರ ಪಾಳಿ ಮುಗಿಸಿ ಮನೆಗೆ ಬಂದರೂ ಕೆಲಸ ಮುಗಿದಂತಲ್ಲ. ಯಂತ್ರ ಕೆಟ್ಟರೆ ಕರೆ ಬರುತ್ತದೆ, ಕರೆ ಬಂದರೆ ಎದ್ದು ಹೋಗಬೇಕು. ರಾಬರ್ಟ್‌ಸನ್‌ಪೇಟೆಗೆ ಸಿನಿಮಾಕ್ಕೆ ಹೋಗುವಂತಿಲ್ಲ. ಬೂದಿಕೋಟೆಯ ಮಾವನ ಮನೆಗೆ ಹೋಗುವಂತಿಲ್ಲ. ಈ ಎರಡನೆಯ ನಿಷೇಧವನ್ನು ನಾನು ಬಹಳ ಧೈರ್ಯದಿಂದ ಸಹಿಸಿಕೊಂಡೆ.

ಕಾಲ್ ವಾರದ ಮಧ್ಯಾಹ್ನಗಳು ನನ್ನೊಳಗೆ ಎಲ್ಲೋ ಇನ್ನೂ ಮುಗಿಯದೆ ಉಳಿದುಕೊಂಡಿವೆ. ಜಗಲಿಯ ಹಗ್ಗದ ಮಂಚದ ಮೇಲೆ ಮಲಗಿದರೆ ಎದುರಿಗೆ ಸೈನೇಡ್ ದಿಬ್ಬ. ಚಿನ್ನ ತೆಗೆದ ಮೇಲೆ ಉಳಿದ ಕಲ್ಲಿನ ಹಿಟ್ಟನ್ನು ವರ್ಷಗಟ್ಟಲೆ ಸುರಿದು ಬೆಳೆಸಿದ ಗುಡ್ಡ ಅದು. ಗಾಳಿ ಎದ್ದಾಗ ಅದರ ನೆತ್ತಿಯಿಂದ ಬೆಳ್ಳನೆಯ ಧೂಳು ಏಳುತ್ತಿತ್ತು. ಮೇಲೆ ಯಾರೋ ಕೂತು ಬಿಸಿಲನ್ನು ಜರಡಿ ಹಿಡಿಯುತ್ತಿದ್ದಾರೆ ಎನ್ನಿಸುತ್ತಿತ್ತು. ದೂರದಲ್ಲಿ ಶಾಫ್ಟಿನ ಮೇಲಿನ ಚಕ್ರ ಒಂದು ಕಡೆಗೆ ತಿರುಗುವುದು, ನಿಲ್ಲುವುದು, ಯೋಚಿಸುವುದು, ಇನ್ನೊಂದು ಕಡೆಗೆ ತಿರುಗುವುದು. ಯಂತ್ರದ ಗುಂಯ್ ಎಂಬ ಸದ್ದು ಮಂಚದ ಕಾಲಿನ ಮೂಲಕ ಹತ್ತಿ ಬೆನ್ನಿಗೆ ಬರುತ್ತಿತ್ತು. ನಾನು ನಿದ್ದೆಯಲ್ಲಿದ್ದೆನೋ ಎಚ್ಚರದಲ್ಲಿದ್ದೆನೋ ಹೇಳಲಾರೆ. ಒಂದು ಕಿವಿ ಮಾತ್ರ ಡ್ಯೂಟಿಯ ಮೇಲಿತ್ತು, ಉಳಿದ ನಾನು ರಜೆಯಲ್ಲಿದ್ದೆ.

ಆ ಕಿವಿ ಕಾಯುತ್ತಿದ್ದುದು ತಾತನ ದನಿಗೆ.

ತಾತ ನಮ್ಮ ಶಾಫ್ಟಿನಿಂದ ಕರೆಯಲು ಬರುವ ಮುದುಕ. ತಾತ ಎಂದರೆ ಕನ್ನಡದವರಿಗೂ ತಮಿಳರಿಗೂ ತೆಲುಗರಿಗೂ ಅರ್ಥವಾಗುತ್ತಿದ್ದುದರಿಂದ ಬೇರೆ ಹೆಸರಿನ ಅಗತ್ಯ ಯಾರಿಗೂ ಬೀಳಲಿಲ್ಲ. ಬಹಳ ವರ್ಷ ಭೂಮಿಯ ಒಳಗೆ ಕಲ್ಲು ಕೊರೆದು ಎದೆ ತುಂಬ ಧೂಳು ತುಂಬಿಕೊಂಡಿದ್ದ. ಇನ್ನು ಒಳಗೆ ಇಳಿಯಲಾಗದು ಎಂದಾದ ಮೇಲೆ ಈ ಹಗುರವಾದ ಕೆಲಸ ಕೊಟ್ಟಿದ್ದರು. ಕೆಲಸದ ಜೊತೆಗೆ ನಮ್ಮ ಲೈನಿನ, ಅಂದರೆ ಕಂಪನಿ ಕೆಲಸಗಾರರಿಗೆ ಕಟ್ಟಿಸಿದ ಸಾಲುಮನೆಗಳ, ಮೂಲೆಯಲ್ಲಿ ಒಂದು ರೂಮು. ಅಲ್ಲಿ ತಾತ, ಅವನ ಹೆಂಡತಿ ಅಜ್ಜಿ, ಅಜ್ಜಿಯ ಕೋಳಿಗಳು.

ತಾತನ ಕರೆಗೆ ಒಂದು ಶಾಸ್ತ್ರವಿತ್ತು. ಗಣಿಯ ಊರಿನಲ್ಲಿ ಶಾಫ್ಟಿನ ಕಡೆಯಿಂದ ಲೈನಿನ ಕಡೆಗೆ ಒಬ್ಬ ಮನುಷ್ಯ ಹೊತ್ತಲ್ಲದ ಹೊತ್ತಿನಲ್ಲಿ ನಡೆದು ಬಂದರೆ ಹೆಂಗಸರ ಕೈ ನಿಂತುಬಿಡುತ್ತದೆ. ರುಬ್ಬುವವಳ ಕೈ ರುಬ್ಬುಗುಂಡಿನ ಮೇಲೆ, ನೀರು ಹಿಡಿಯುವವಳ ಕೈ ಕೊಡದ ಮೇಲೆ. ಒಳಗೆ ಭೂಮಿಯೇ ಸಿಡಿದರೆ ಯಾರೂ ಬಂದು ಹೇಳಬೇಕಾಗಿರಲಿಲ್ಲ, ಗೂಡಿನ ಪಾತ್ರೆಗಳೇ ಅಲುಗಿ ಹೇಳುತ್ತಿದ್ದವು. ಆದರೆ ಒಬ್ಬನ ಮೇಲೆ ಒಂದು ಕಲ್ಲು ಬಿದ್ದರೆ ಮನುಷ್ಯನೇ ಬಂದು ಹೇಳಬೇಕು. ಅದಕ್ಕೇ ತಾತ ಒಂದು ಕ್ರಮ ಮಾಡಿಕೊಂಡಿದ್ದ. ಬರೀ ಯಂತ್ರದ ವಿಷಯವಾದರೆ ಟವಲನ್ನು ತಲೆಗೆ ರುಮಾಲಿನಂತೆ ಸುತ್ತಿಕೊಂಡು ಬರುವನು. ಮನುಷ್ಯನ ವಿಷಯವಾದರೆ ಟವಲು ಹೆಗಲ ಮೇಲೆ. ಲೈನಿನ ಈ ತುದಿಯಿಂದ ಆ ತುದಿಯವರೆಗೆ ಎಲ್ಲರಿಗೂ ಇದು ಗೊತ್ತು. ತಲೆಯ ಮೇಲೆ ರುಮಾಲು ಕಂಡ ಕೂಡಲೇ ನಿಂತ ಕೈಗಳು ಮತ್ತೆ ಆಡುತ್ತಿದ್ದವು.

ರುಮಾಲು ಕಟ್ಟಿದ ತಾತ ಅವಸರ ಮಾಡಿದವನಲ್ಲ. ಮೂಲೆಯಲ್ಲಿ ನಾಯಿಯನ್ನು ಬಯ್ಯುವನು, ನಲ್ಲಿಯ ಹತ್ತಿರ ನಿಂತು ಉಸಿರು ತೆಗೆದುಕೊಳ್ಳುವನು, ನಮ್ಮ ಜಗಲಿಯ ಮೇಲೆ ಕೂತು ಒಂದು ಚೊಂಬು ನೀರು ಕುಡಿಯುವನು. ಆಮೇಲೆ, "ನಿಮ್ ಮಿಷನ್‌ಗೆ ಮೈಯಾಗೆ ಉಸಾರಿಲ್ವಂತೆ ಕಣಪ್ಪ. ಒಸಿ ಓಗಿ ನೋಡ್ಕಂಡ್ ಬಾ" ಎನ್ನುವನು. ಅಷ್ಟು ಹೊತ್ತಿಗೆ ಯಂತ್ರ ನಿಂತು ಮುಕ್ಕಾಲು ಗಂಟೆಯಾಗಿರುತ್ತಿತ್ತು.

ಈ ಮುಕ್ಕಾಲು ಗಂಟೆಯನ್ನು ನಾನು ಸಹಿಸಲಾರದೆ ಹೋದೆನೆಂದು ಹೇಳಿಕೊಳ್ಳಬಹುದು. ನಿಜ ಅದಲ್ಲ. ಶಾಫ್ಟಿನ ಇಂಗ್ಲಿಷ್ ಮೇಲಧಿಕಾರಿಗಳಾದ ದೊರೆಗಳ ಬಂಗಲೆಯ ಹಜಾರದಲ್ಲಿ ಒಂದು ಕಪ್ಪು ಟೆಲಿಫೋನನ್ನು ನಾನು ಕಂಡಿದ್ದೆ. ಅದನ್ನು ಎತ್ತಿ ಕಿವಿಗಿಟ್ಟು "ಹೂಂ" ಎಂದು ಹೇಳುವ ಮನುಷ್ಯ ನಾನಾಗಬೇಕೆಂಬ ಆಸೆ ಮಂಚದ ಮೇಲೆ ಮಲಗಿದ್ದಾಗ ಹುಟ್ಟಿ, ಆ ಮಂಪರಿನಲ್ಲೇ ಬೆಳೆಯಿತು. ಒಂದು ದಿನ ಎದ್ದು ಕೂತು ಅರ್ಜಿ ಬರೆದೆ. ಯಂತ್ರದ ಹಿತ, ಕಂಪನಿಯ ಹಿತ, ದೇಶದ ಹಿತ, ಎಲ್ಲವೂ ನನ್ನ ಮನೆಗೆ ಒಂದು ಟೆಲಿಫೋನ್ ಬರುವುದರಲ್ಲಿಯೇ ಅಡಗಿದೆ ಎಂದು ಸಾಧಿಸಿದೆ. 'ಅಕ್ಷಮ್ಯ ವಿಳಂಬ' ಎಂಬ ಪದವನ್ನು ಎರಡು ಸಲ ಬಳಸಿದೆ. ಅದರ ಗಾಂಭೀರ್ಯ ನನಗೇ ಹಿಡಿಸಿತ್ತು. ನಮ್ಮ ಆಫೀಸಿನ ದೊಡ್ಡ ಗುಮಾಸ್ತರು ಅದನ್ನು ಇಂಗ್ಲಿಷಿಗೆ ಇಳಿಸಿ ದೊರೆಯ ಮೇಜಿಗೆ ಏರಿಸಿದರು.

ಯಾರೂ ನಿರೀಕ್ಷಿಸದ ರೀತಿಯಲ್ಲಿ ಅದು ಮಂಜೂರಾಯಿತು. ಮೂರು ತಿಂಗಳು ಪರೀಕ್ಷೆಗೆಂದು ನನ್ನ ಮನೆಗೆ ಮಾತ್ರ ಟೆಲಿಫೋನ್. ಕೊನೆಗೆ ನಾನು ಲಿಖಿತ ಅಭಿಪ್ರಾಯ ಕೊಡತಕ್ಕದ್ದು. ಅಭಿಪ್ರಾಯ ಅನುಕೂಲವಾಗಿದ್ದರೆ ಉಳಿದಿಬ್ಬರು ಫಿಟ್ಟರುಗಳಿಗೂ ಕೊಡತಕ್ಕದ್ದು. ಕಾಗದವನ್ನು ನನ್ನ ಕೈಗೆ ಕೊಡುತ್ತ ಗುಮಾಸ್ತರು ಮೂಗಿನ ಪುಡಿ ಸೇದಿ, ಒಂದು ಸೀನಿಗಾಗಿ ಕಾದು, ಅದು ಬಾರದಿದ್ದಾಗ ಹೇಳಿದರು:

"ಮೂರೂ ಮನೆಗೆ ಬಂದ್ರೆ ತಾತನ್ ಪೋಸ್ಟ್ ರದ್ದು. ಕರೆಯೋಕೆ ಯಂತ್ರ ಇದ್ಮೇಲೆ ಮನುಷ್ಯ ಯಾಕೆ? ಪೋಸ್ಟ್ ಹೋದ್ರೆ ರೂಮೂ ಬಿಡ್ಬೇಕು. ನಿಮ್ಗೆ ಗೊತ್ತೇ ಇರುತ್ತೆ, ಅರ್ಜಿ ಬರೆದೋರು ನೀವೇ ಅಲ್ವೇ?"

ನನಗೆ ಗೊತ್ತಿರಲಿಲ್ಲ. ನಾನು ಯೋಚಿಸಿಯೇ ಇರಲಿಲ್ಲ. ಆದರೆ ಗೊತ್ತಿರುವವನಂತೆ ತಲೆಯಾಡಿಸಿದೆ.

ಟೆಲಿಫೋನ್ ಬಂತು. ಇಬ್ಬರು ಏಣಿ ತಂದು ತಂತಿ ಎಳೆದು ಗೋಡೆಗೆ ಮೊಳೆ ಹೊಡೆದರು. ನನ್ನ ಹೆಂಡತಿ ಅಕ್ಕಿಯ ಪೆಟ್ಟಿಗೆಯ ಮೇಲೆ ಅದಕ್ಕೆ ಜಾಗ ಮಾಡಿ, ತಾನು ಹೆಣೆದಿದ್ದ ಹೂವಿನ ಬಟ್ಟೆ ಹೊದಿಸಿದಳು. ಅಕ್ಕಿ ತೆಗೆಯಬೇಕಾದಾಗಲೆಲ್ಲ ಟೆಲಿಫೋನನ್ನು ಎತ್ತಿ ಮಂಚದ ಮೇಲೆ ಮಲಗಿಸುತ್ತಿದ್ದಳು. ಅಕ್ಕಪಕ್ಕದವರು ಬಂದು ನೋಡಿ ಹೋದರು. ತಾತನೂ ಬಂದ. ಬಟ್ಟೆ ಎತ್ತಿ ನೋಡಿ, "ಇದಾ? ಕರ್ರಗ್ ನಮ್ಮಜ್ಜಿ ಅಂಗೇ ಐತೆ. ಬಾಯ್ ತೆಗುದ್ರೆ ನಿಲ್ಸಲ್ವಾ ಇದೂವೆ?" ಎಂದ. ಎಲ್ಲರೂ ನಕ್ಕರು. ಅವರು ನಗುವಷ್ಟು ಹೊತ್ತು ನಾನು ನೆಲ ನೋಡಿದೆ.

ಮೊದಲ ಸಲ ಅದು ಬಡಿದುಕೊಂಡದ್ದು ನನ್ನ ಕಾಲ್ ವಾರದ ಒಂದು ಮಧ್ಯಾಹ್ನ. ನಾನು ಮಂಪರಿನಲ್ಲಿದ್ದೆ. ಸೈನೇಡ್ ದಿಬ್ಬದ ಮೇಲೆ ಯಾರೋ ತಾಮ್ರದ ತಟ್ಟೆಗಳನ್ನು ಉರುಳಿಸಿಬಿಟ್ಟಂತೆ, ಅವು ಬಿಸಿಲಲ್ಲಿ ಮಿಂಚುತ್ತ ನನ್ನ ಮೇಲೆಯೇ ಬರುತ್ತಿರುವಂತೆ ಕನಸು. ಎದ್ದು ಒಳಗೆ ಓಡಿ, ಬಂಗಲೆಯ ದೊರೆಯನ್ನು ನೆನೆದು, ರಿಸೀವರ್ ಎತ್ತಿ "ಹೂಂ" ಎಂದೆ.

ಸ್ಟೋರಿನವನು. "ಮುಕ್ಕಾಲು ಇಂಚಿನ ಸ್ಪ್ಯಾನರ್ ನೀವೇನಾದ್ರೂ ತಗೊಂಡ್ ಹೋದ್ರಾ?" ಎಂದು ಕೇಳಿದ.

ಇಲ್ಲ ಎಂದು ಹೇಳಿ ತಿರುಗಿದೆ. ಬಾಗಿಲಲ್ಲಿ ಬೆಳಕಿರಲಿಲ್ಲ. ಲೈನಿನ ಹೆಂಗಸರೆಲ್ಲ ಅಲ್ಲಿ ನಿಂತಿದ್ದರು. ಒಬ್ಬಳ ಕೈಯಲ್ಲಿ ಹಿಟ್ಟು, ಒಬ್ಬಳ ಕೈಯಲ್ಲಿ ಬೂದಿ, ಒಬ್ಬಳು ಅರ್ಧ ಹೆಣೆದ ಜಡೆಯನ್ನು ಬಿಚ್ಚಿಹೋಗದಂತೆ ಹಿಡಿದುಕೊಂಡೇ ಬಂದಿದ್ದಳು. ಆಮೇಲೆ ಪಕ್ಕದ ಮನೆಯಾಕೆ ತಮಿಳಿನಲ್ಲಿ, "ಯಾರ್ ವೀಟ್ಲ?" ಎಂದಳು. ಎದುರು ಮನೆಯಾಕೆ ತೆಲುಗಿನಲ್ಲಿ, "ಎವರಿಂಟ್ಲೋ?" ಎಂದಳು. ನನ್ನ ಹೆಂಡತಿ ಅಡಿಗೆಮನೆಯಿಂದ ಬಂದು ಕನ್ನಡದಲ್ಲಿ, "ಯಾರ್ ಮನೇಲಿ?" ಎಂದಳು. ಮೂರು ಭಾಷೆಯಲ್ಲಿ ಒಂದೇ ಪ್ರಶ್ನೆ. ಮೂರಕ್ಕೂ ನನ್ನ ಹತ್ತಿರ ಇದ್ದ ಉತ್ತರ ಒಂದೇ.

"ಸ್ಪ್ಯಾನರ್" ಎಂದೆ.

ಯಾರೂ ನಗಲಿಲ್ಲ. ಪಕ್ಕದ ಮನೆಯಾಕೆ ಹೊಸಲಿನ ಮೇಲೆ ಕೂತುಬಿಟ್ಟಳು. ಅವಳ ಗಂಡ ಆಗ ಭೂಮಿಯ ಒಳಗಿದ್ದ, ಮಧ್ಯಾಹ್ನದ ಪಾಳಿ. ಸ್ವಲ್ಪ ಹೊತ್ತಾದ ಮೇಲೆ ಅವಳು ಎದ್ದು, "ನಿನ್ ಪೋನ್‌ಗೆ ಬೆಂಕಿ ಇಕ್ಕ ಅಣ್ಣೋ! ಪಾನೆ ಸಿಗ್ಲಿಲ್ಲ ಅಂತ ಇಂಗಾ ಬಡ್ಕಣೋದು?" ಎಂದು ಕನ್ನಡದಲ್ಲೇ ಬೈದಳು. ಆಗ ಎಲ್ಲರೂ ನಕ್ಕರು, ಅಗತ್ಯಕ್ಕಿಂತ ಸ್ವಲ್ಪ ಹೆಚ್ಚಾಗಿ.

ಆಮೇಲೆ ಅದು ಬಡಿದುಕೊಂಡಾಗಲೆಲ್ಲ ಇದೇ ನಡೆಯಿತು. ಬೆಲ್ಟು ಬಿಚ್ಚಿದ್ದಕ್ಕೂ ಅದೇ ಗಂಟೆ, ಎಣ್ಣೆಯ ಡಬ್ಬಿ ಕಾಣದ್ದಕ್ಕೂ ಅದೇ ಗಂಟೆ. ಅದಕ್ಕೆ ತಲೆಯೂ ಇಲ್ಲ, ಹೆಗಲೂ ಇಲ್ಲ. ನಾನು ರಿಸೀವರ್ ಇಡುವ ಹೊತ್ತಿಗೆ ಬಾಗಿಲು ಕತ್ತಲಾಗಿರುತ್ತಿತ್ತು.

ಕಾಲ್ ವಾರ ಕಳೆದು ಬಿಡುವಿನ ಒಂದು ದಿನ ಹೆಂಡತಿಯನ್ನು ಬೂದಿಕೋಟೆಗೆ ಬಿಟ್ಟು, ಬಸ್ಸಿನಲ್ಲಿ ಬಂಗಾರಪೇಟೆಗೆ ಬಂದೆ. ಗಣಿಗೆ ಹೋಗುವ ಸಣ್ಣ ರೈಲು ಹೊರಡಲು ಇನ್ನೂ ಹೊತ್ತಿತ್ತು. ಆ ರೈಲು ಹೊರಡುವ ಮುಂಚಿನ ಹೊತ್ತು ಬೇರೆ ಯಾವ ಹೊತ್ತಿನ ಹಾಗೂ ಇರುತ್ತಿರಲಿಲ್ಲ. ಮದರಾಸಿನ ಕಡೆಯ ದೊಡ್ಡ ರೈಲು ಹೋದ ಮೇಲೆ ಊರೇ ಒಂದು ಆಕಳಿಕೆ ತೆಗೆದು ಮಗ್ಗುಲಾಗುತ್ತಿತ್ತು. ಎಂಜಿನ್ನಿನಿಂದ ಆವಿ ಸುಮ್ಮನೆ ಸೋರುತ್ತಿತ್ತು. ಕಡಲೆಕಾಯಿ ಮಾರುವವಳು ತನ್ನ ಬುಟ್ಟಿಯ ಪಕ್ಕದಲ್ಲೇ ತೂಕಡಿಸುತ್ತಿದ್ದಳು. ಕಲ್ಲುಬೆಂಚಿನ ಮೇಲೆ ತಾತ ಕೂತಿದ್ದ.

"ಏನ್ ಪಿಟ್ರೇ, ಮಾವನ್ ಮನೆ ಊಟಾನಾ? ಒಟ್ಟೆ ನಿನಗಿಂತ ಮುಂಚೆ ಟೇಸನ್‌ಗೆ ಬಂದೈತೆ."

"ನೀನೇನ್ ತಾತ ಇಲ್ಲಿ?"

"ರೂಮ್ ನೋಡಕ್ ಬಂದಿದ್ದೆ. ನಮ್ ತಮ್ಮನ್ ಮಗ ಇಲ್ಲಿ ಅಕ್ಕಿ ಮಿಲ್ಲಾಗವ್ನೆ. ಮಿಲ್ ಇಂದ್ಗಡೆ ತೌಡಿನ ಮೂಟೆ ಆಕೋ ಜಾಗ ಐತೆ. ತೌಡು ತೆಗುದ್ರೆ ನಾನೂ ಅಜ್ಜೀನೂ ಇಡುಸ್ತೀವಂತೆ. ಕೋಳಿಗ್ ಜಾಗ ಇಲ್ಲ ಅಂದ."

ತಾತ ಉಸಿರು ತೆಗೆದುಕೊಂಡ. ಅವನ ಎದೆಯೊಳಗೆ ಯಾವುದೋ ಹಳೆಯ ಬಾಗಿಲು ತೆರೆದು ಮುಚ್ಚಿದಂತೆ ಕಿರ್ರೆಂದಿತು.

"ನಿನ್ ಅರ್ಜಿ ಬಾಳ ಚೆನ್ನಾಗಿತ್ತಂತಲ್ಲಪ್ಪಾ. ಗುಮಾಸ್ತಪ್ನೋರು ಓದಿ ಏಳಿದ್ರು. ಅಕ್ಷಮ್ಯ ವಿಳಂಬ ಅಂದ್ರೆ ಏನದು?"

"ತಡ ಆಗತ್ತೆ ಅಂತ, ತಾತ."

"ತಡ ಅಂತಾನೇ ಬರೀಬೋದಿತ್ತಲ್ಲ. ಅದ್ಯಾವ್ದೋ ರೋಗ ಅನ್ಕಂಡೆ. ಓಗ್ಲಿ, ಸುಳ್ಳೇನ್ ಬರ್ದಿಲ್ಲ ಬುಡು. ತಡ ಆಗ್ತಿತ್ತು. ನಲ್ಲಿತಾವ ಬಂದ್ರೆ ಮುಂದ್ಕ್ ಎಜ್ಜೇನೇ ಬರಾಕಿಲ್ಲ."

ರೈಲು ಹೊರಟಿತು. ತಾತ ಕಿಟಕಿಯ ಪಕ್ಕ ಕೂತ. ಒಣಗಿದ ಕೆರೆಯಂಗಳ, ಹುಣಸೆಮರ, ರಾಗಿಯ ಹೊಲ, ಬಂಡೆಯ ಮೇಲೆ ನಿಂತ ಒಂದು ಮೇಕೆ, ಇವೆಲ್ಲ ಒಂದಾದ ಮೇಲೊಂದು ಬಂದು ಕಿಟಕಿಯಲ್ಲಿ ತಮ್ಮ ಹಾಜರಿ ಹಾಕಿ ಹೋಗುತ್ತಿದ್ದವು. ನನಗೂ ಜೋಂಪು ಹತ್ತಿತು. ನಾನು, ತಾತ, ಅಜ್ಜಿ, ಕೋಳಿಗಳು ಎಲ್ಲರೂ ತೌಡಿನ ಮೂಟೆಯೊಳಗೆ ಮೆತ್ತಗೆ ಇಳಿಯುತ್ತಿದ್ದೇವೆ, ಇಳಿದಷ್ಟೂ ತಳವಿಲ್ಲ ಎನ್ನಿಸಿತು. ಯಾರೋ ಮೊಣಕೈಯಿಂದ ತಿವಿದರು.

"ನಿದ್ದೆ ಮಾಡ್ಬ್ಯಾಡ, ಕೇಳಿಲ್ಲಿ. ಅದು ಬಡ್ಕಂಡಾಗೆಲ್ಲ ಎಂಗಸ್ರು ಓಡ್ ಬತ್ತಾರಂತೆ ನಿಮ್ಮನೇತಾಕೆ."

"ಹೂಂ ತಾತ. ಏನ್ ಮಾಡೋದೋ ಗೊತ್ತಿಲ್ಲ."

"ಏನೈತೆ ಮಾಡಾಕೆ? ಪೋನ್ ಮಡಗಿದ್ ಕೂಡ್ಲೆ ಟವಲ್ ತಲೆಗ್ ಸುತ್ಕಂಡು ಈಚೆ ಬಾ. ಮಾತೇ ಆಡ್ಬ್ಯಾಡ. ರುಮಾಲ್ ನೋಡುದ್ರೆ ಅವ್ರೇ ಓಯ್ತಾರೆ." ಆಮೇಲೆ ಸೇರಿಸಿದ: "ಬಿಗಿಯಾಗ್ ಸುತ್ಬೇಕು. ಬಿಚ್ಚೋಗ್ಬಾರ್ದು."

ಹೀಗೆ, ಯಾರ ಕೆಲಸವನ್ನು ನಾನು ಕಿತ್ತುಕೊಳ್ಳುತ್ತಿದ್ದೆನೋ ಅವನೇ ನನಗೆ ಆ ಕೆಲಸವನ್ನು ಕಲಿಸಿಕೊಟ್ಟ. ರೈಲಿನಲ್ಲೇ ಟವಲು ಬಿಚ್ಚಿ ಎರಡು ಸಲ ಸುತ್ತಿ ತೋರಿಸಿದ.

ಮುಂದಿನ ಕಾಲ್ ವಾರದಲ್ಲಿ ನಾನು ಅದರಂತೆ ನಡೆದೆ. ಗಂಟೆ ಬಡಿಯಿತೆಂದರೆ ಹೆಂಗಸರು ನನ್ನ ಮನೆಗೆ ಓಡಿ ಬರುವ ಬದಲು ತಂತಮ್ಮ ಬಾಗಿಲಿಗೆ ಬಂದು ನಿಲ್ಲುವರು. ನಾನು ರುಮಾಲು ಕಟ್ಟಿ ಹೊರಬರುವೆನು. ಅವರು ಒಳಗೆ ಹೋಗುವರು. ನನ್ನ ರುಮಾಲು ತಾತನದರಷ್ಟು ಅಂದವಾಗಿಲ್ಲವೆಂಬ ಟೀಕೆ ಬಂತು. ಮದುವೆಯ ಹೆಣ್ಣಿನ ಸೋದರಮಾವನ ಹಾಗೆ ಕಾಣುತ್ತೇನೆಂದು ಎದುರು ಮನೆಯಾಕೆ ಹೇಳಿದಳಂತೆ. ಆದರೆ ವ್ಯವಸ್ಥೆ ಭದ್ರವಾಗಿ ನಡೆಯುತ್ತಿತ್ತು. ಇನ್ನೇನು, ಅಭಿಪ್ರಾಯ ಬರೆದುಕೊಡಬಹುದು ಎಂದುಕೊಂಡೆ. ತೌಡಿನ ಮೂಟೆಯ ನೆನಪು ಬಂದಾಗ ಮಗ್ಗುಲು ಬದಲಿಸಿ ಮಲಗುತ್ತಿದ್ದೆ.

ಪರೀಕ್ಷೆಯ ಕೊನೆಯ ತಿಂಗಳಲ್ಲಿ ಒಂದು ಶನಿವಾರ. ನನಗೆ ವಾರದ ರಜೆ, ಆದರೆ ಕಾಲ್ ವಾರ. ಹೆಂಡತಿ ಬೆಳಿಗ್ಗೆಯೇ ಹಿಡಿದು ಕೂರಿಸಿ ನನ್ನ ತಲೆಗೆ ಹರಳೆಣ್ಣೆ ತಟ್ಟಿದ್ದಳು. ಎಣ್ಣೆ ಹಣೆಯಿಂದ ಇಳಿದು ಹುಬ್ಬಿನಲ್ಲಿ ನಿಂತಿತ್ತು. ನೀರು ಕಾಯುತ್ತಿತ್ತು. ಗಂಟೆ ಬಡಿಯಿತು. ಯಂತ್ರದ ಬ್ರೇಕಿನಲ್ಲಿ ಏನೋ ಕಿರುಗುಟ್ಟುತ್ತಿದೆ, ಬೇಗ ಬನ್ನಿ. ನಾನು ಅಂಗಿ ತೊಟ್ಟು ಗೂಟದ ಮೇಲಿದ್ದ ಟವಲಿಗೆ ಕೈ ಹಾಕಿದೆ.

"ಅಯ್ಯೋ, ಅದು ಹೊಸದು! ಎಣ್ಣೆ ತಲೆಗ್ ಸುತ್ತಬೇಡಿ, ಜಿಡ್ಡು ಜನ್ಮಕ್ಕೂ ಹೋಗಲ್ಲ" ಎಂದಳು ಹೆಂಡತಿ.

ಸರಿಯಾದ ಮಾತು. ನಾನು ಟವಲನ್ನು ಹೆಗಲ ಮೇಲೆ ಹಾಕಿಕೊಂಡು ಹೊರಟೆ. ಎಣ್ಣೆ ಕಣ್ಣಿಗೆ ಇಳಿಯುತ್ತಿದ್ದುದರಿಂದ ತಲೆ ತಗ್ಗಿಸಿದ್ದೆ. ಯಾರ ಕಡೆಗೂ ನೋಡಲಿಲ್ಲ. ಒಂದೆರಡು ಸಲ ಕಣ್ಣು ಒರೆಸಿಕೊಂಡೆ. ಲೈನಿನ ಉದ್ದಕ್ಕೂ ಬಾಗಿಲುಗಳಲ್ಲಿ ನಿಂತವರ ಮುಂದೆ ಹಾಗೇ ನಡೆದು ಹೋದೆ.

ಯಂತ್ರದ ಮನೆಯಲ್ಲಿ ಬ್ರೇಕಿನ ಒಂದು ಪಿನ್ನು ಸಡಿಲವಾಗಿತ್ತು. ಅದನ್ನು ಕೂರಿಸಿ ಮೇಲೇಳುವಾಗ ಹೊರಗಿನಿಂದ ಒಂದು ಸದ್ದು ಬಂತು. ಮೊದಲು ಗಾಳಿ ಎಂದುಕೊಂಡೆ. ಆಮೇಲೆ ತಿಳಿಯಿತು, ಅಳು. ಹೊರಗೆ ಬಂದು ನೋಡಿದರೆ ಶಾಫ್ಟಿನ ಗೇಟಿನ ಮುಂದೆ ನಮ್ಮ ಲೈನು, ಅದರ ಪಕ್ಕದ ಲೈನು, ಅದರ ಹಿಂದಿನ ಲೈನು. ಒಬ್ಬಳು ಸೌಟು ಹಿಡಿದುಕೊಂಡೇ ಬಂದಿದ್ದಳು. ಪಕ್ಕದ ಮನೆಯಾಕೆ ಗೇಟಿನ ಸರಳನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ನನ್ನನ್ನು, ನನ್ನ ಹೆಗಲನ್ನು ಕಂಡು ಅಳು ಇನ್ನೂ ಏರಿತು.

ದೊರೆ ಬಂದರು. ಗುಮಾಸ್ತರು ಹಿಂದೆ ಓಡಿ ಬಂದರು. ಯಾರು ಸತ್ತರು ಎಂದು ದೊರೆ ಕೇಳಿದರು. ಯಾರಿಗೂ ಗೊತ್ತಿರಲಿಲ್ಲ. ಯಾರೂ ಸತ್ತಿಲ್ಲ ಎಂದು ನಾನು ಹೇಳಿದೆ. ಅದನ್ನು ಯಾರೂ ನಂಬಲಿಲ್ಲ. ಎಣ್ಣೆಯಿಂದಾಗಿ ನನ್ನ ಕಣ್ಣುಗಳು ಕೆಂಡದಂತಿದ್ದವು, ನೀರು ಸುರಿಯುತ್ತಿತ್ತು. ಗುಮಾಸ್ತರು ಇಂಗ್ಲಿಷಿನಲ್ಲಿ ಟವಲಿನ ಶಾಸ್ತ್ರವನ್ನು ವಿವರಿಸತೊಡಗಿದರು. ದೊರೆ ಗಂಭೀರವಾಗಿ ಕೇಳಿಸಿಕೊಂಡರು. ತಮ್ಮ ಟೋಪಿ ತಲೆಯ ಮೇಲಿರುವುದು ಕ್ಷೇಮವೋ ತೆಗೆಯುವುದು ಕ್ಷೇಮವೋ ತಿಳಿಯದೆ ಕೊನೆಗೆ ಅದರ ಅಂಚನ್ನು ಹಿಡಿದುಕೊಂಡು ನಿಂತರು.

ಅಷ್ಟರಲ್ಲಿ ಗೇಟಿನ ಒಳಗಿನ ಬೆಂಚಿನಿಂದ ತಾತ ಎದ್ದ. ಯಾರೂ ಅವನಿಗೆ ಹೇಳಲಿಲ್ಲ. ಟವಲನ್ನು ಒಮ್ಮೆ ಕೊಡವಿ ತಲೆಗೆ ಸುತ್ತಿ, ತುದಿಯನ್ನು ಸಿಕ್ಕಿಸಿ, ಗೇಟು ದಾಟಿ ಗುಂಪಿನ ನಡುವೆ ನಡೆದ. ಅವಸರವಿಲ್ಲ. ಅಡ್ಡ ಬಂದ ನಾಯಿಯನ್ನು ಬೈದ. ಆಮೇಲೆ ನಿಂತು, ಮೂಗರಳಿಸಿ, "ಯಾವಳೇ ಅದು ಒಲೆ ಮ್ಯಾಲೆ ಅನ್ನ ಬುಟ್ ಬಂದಿರೋಳು? ಸೀದಿದ್ ವಾಸ್ನೆ ಇಲ್ಲೀಗಂಟ ಬತ್ತೈತೆ. ಓಗ್ರೇ, ಗಂಡಂದ್ರು ಮೇಲಕ್ ಬಂದ್ರೆ ಏನ್ ಇಕ್ತೀರಾ, ಮಸೀನಾ?" ಎಂದ.

ಅಳು ಒಂದು ಕಡೆಯಿಂದ ಆರುತ್ತ ಬಂತು, ಬಟ್ಟೆಯ ಅಂಚಿನಿಂದ ತೇವ ಆರುವ ಹಾಗೆ. ಒಬ್ಬೊಬ್ಬರಾಗಿ ತಿರುಗಿ ಹೊರಟರು. ಸೌಟಿನವಳು ಓಡಿದಳು. ಪಕ್ಕದ ಮನೆಯಾಕೆ ಮಾತ್ರ ಪಾಳಿ ಮುಗಿದು ಗಂಡ ಮೇಲೆ ಬರುವವರೆಗೆ ಗೇಟು ಬಿಡಲಿಲ್ಲ. ಬಂದವನು, "ಇಲ್ಯಾಕ್ ನಿಂತಿದ್ದೀಯೇ, ಮಾನ ಓಗ್ತದೆ" ಎಂದು ಗದರಿಸಿದ. ಅವಳು ಅವನ ಕೈಯಿಂದ ಬುತ್ತಿಯ ಡಬ್ಬಿ ಇಸಿದುಕೊಂಡು ಮುಂದೆ ನಡೆದಳು. ಇಬ್ಬರೂ ಧೂಳಿನ ಬಿಸಿಲಿನಲ್ಲಿ ಸಣ್ಣವರಾಗುತ್ತ ಹೋದುದನ್ನು ನಾನು ಎಣ್ಣೆಗಣ್ಣಿನಲ್ಲಿ ನೋಡಿದೆ. ಎರಡೆರಡಾಗಿ, ನಾಲ್ಕು ಜನರಂತೆ ಕಂಡರು.

ದೊರೆ ನನ್ನ ಅಭಿಪ್ರಾಯವನ್ನು ಒಂದು ವಾರದೊಳಗೆ ಕೊಡಬೇಕೆಂದರು.

ಆ ವಾರ ನಾನು ಮಂಚದ ಮೇಲೆ ಕೂತು ಬರೆದೆ, ಹರಿದೆ. ಟೆಲಿಫೋನ್ ಬೇಡ ಎಂದು ಬರೆದರೆ ತಾತನ ರೂಮು ಉಳಿಯುತ್ತದೆ, ಎದೆ ಉಳಿಯುವುದಿಲ್ಲ. ನಲ್ಲಿಯ ಹತ್ತಿರ ಅವನು ನಿಲ್ಲುವ ಹೊತ್ತು ಹೆಚ್ಚಾಗುತ್ತಲೇ ಇತ್ತು. ಬೇಕು ಎಂದು ಬರೆದರೆ ತೌಡಿನ ಮೂಟೆ. ನಾಲ್ಕನೆಯ ಕಾಗದ ಹರಿದಾಗ ಹೆಂಡತಿ ಸೊಪ್ಪು ಬಿಡಿಸುತ್ತಿದ್ದವಳು ತಲೆಯೆತ್ತಿದಳು.

"ಅದೇನೂಂದ್ರೆ ಅಷ್ಟೊಂದ್ ಬರೆಯೋದು?"

ಹೇಳಿದೆ.

"ಅದನ್ನ ನಮ್ಮನೇಲಿ ಯಾಕ್ ಇಡ್ಬೇಕು? ತಾತನ ಜಗಲಿಗ್ ಹಾಕ್ಸಿ. ಅಲ್ಲಿ ಬಡ್ಕೊಳ್ಳಿ. ಅವರು ಎತ್ಕೊಂಡು, ಕೇಳ್ಕೊಂಡು, ರುಮಾಲ್ ಕಟ್ಕೊಂಡ್ ಬಂದ್ ಹೇಳ್ತಾರೆ. ಮೂಲೆಯಿಂದ ಇಲ್ಲಿಗೆ ಎಷ್ಟ್ ದೂರ? ನಂಗೂ ಅಕ್ಕಿ ತೆಗೆಯೋಕೆ ಸಲೀಸು."

ಹೀಗೆ ನನ್ನ ಜೀವಮಾನದ ಏಕೈಕ ಅಭಿಪ್ರಾಯವೂ ನನ್ನದಾಗಿರಲಿಲ್ಲ. ಅದನ್ನು ನಾನು ಶುದ್ಧವಾಗಿ ಒಂದು ಪುಟದಲ್ಲಿ ಬರೆದೆ. 'ಅಕ್ಷಮ್ಯ ವಿಳಂಬ' ಎಂಬುದು ಬಾರದಂತೆ ನೋಡಿಕೊಂಡೆ.

ಗುಮಾಸ್ತರು ಓದಿ ಮುಖ ಸಿಂಡರಿಸಿದರು. "ರೂಲಿನಲ್ಲಿ ಇರೋದು ಕರೆದ್ರೆ ಬರೋರಿಗೆ ಟೆಲಿಫೋನ್ ಅಂತ. ಇವನು ಕರೆಯೋನು. ಕರೆಯೋನಿಗೆ ಟೆಲಿಫೋನ್ ಅಂತ ಎಲ್ಲೂ ಇಲ್ಲ. ನಾಳೆ ಗೇಟಿನ ವಾಚ್‌ಮನ್ ಕೇಳ್ತಾನೆ, ನಾಡಿದ್ದು ಕಸ ಗುಡಿಸೋಳು ಕೇಳ್ತಾಳೆ. ಏನ್ ಹೇಳ್ಲಿ?" ಆದರೂ ಇಂಗ್ಲಿಷಿಗೆ ಇಳಿಸಿದರು. ಇಳಿಸುವಾಗ ಒಳ್ಳೆಯ ಮಾತು ಒಂದೆರಡು ಸೇರಿಸಿದರೆಂದು ನನಗೆ ಬಹಳ ವರ್ಷಗಳ ಮೇಲೆ ತಿಳಿಯಿತು.

ಉತ್ತರ ಬರಲಿಲ್ಲ. ಒಂದು ವಾರವಾಯಿತು, ಎರಡಾಯಿತು. ಅಜ್ಜಿ ಎರಡು ಕೋಳಿಗಳನ್ನು ಪಕ್ಕದ ಲೈನಿಗೆ ಕೊಟ್ಟುಬಿಟ್ಟಳು. ಉಳಿದವುಗಳಿಗೆ ಮುಚ್ಚಳವಿರುವ ಒಂದು ಬುಟ್ಟಿ ತಂದಳು. ರೈಲಿನಲ್ಲಿ ಕೋಳಿಗೆ ಟಿಕೆಟ್ಟು ಕೇಳುತ್ತಾರೆಯೇ ಎಂದು ನನ್ನ ಹೆಂಡತಿಯನ್ನು ವಿಚಾರಿಸಿದಳು. ತಾತ ಏನೂ ಕೇಳಲಿಲ್ಲ. ಉಳಿದಿಬ್ಬರು ಫಿಟ್ಟರುಗಳನ್ನು ಕರೆಯಲು ಎಂದಿನಂತೆ ರುಮಾಲು ಕಟ್ಟಿ ನಡೆಯುತ್ತಿದ್ದ. ನನ್ನ ಮನೆಯ ಮುಂದೆ ಹಾಯುವಾಗ ಮಾತ್ರ ಕೈ ಎತ್ತಿ ಮುಂದೆ ಹೋಗುತ್ತಿದ್ದ. ನೀರು ಕುಡಿಯಲು ನಿಲ್ಲುತ್ತಿರಲಿಲ್ಲ. ಇಲ್ಲಿ ಅವನಿಗೆ ಕೆಲಸವಿರಲಿಲ್ಲ.

ಮೂರನೆಯ ವಾರ ಏಣಿಯವರಿಬ್ಬರು ಬಂದರು. ಮಾತಿಲ್ಲದೆ ಮೊಳೆ ಕಿತ್ತು, ತಂತಿ ಸುತ್ತಿ, ಟೆಲಿಫೋನನ್ನು ಬಗಲಲ್ಲಿ ಇಟ್ಟುಕೊಂಡು ಹೊರಟರು. ಎಲ್ಲಿಗೆ ಎಂದು ಕೇಳಿದೆ. ಆರ್ಡರ್ ಆಗಿದೆ ಎಂದರು. ನಾನು ಹಿಂದೆಯೇ ನಡೆದೆ. ನಲ್ಲಿಯ ಹತ್ತಿರ ದಾರಿ ಎರಡಾಗುತ್ತದೆ. ಎಡಕ್ಕೆ ಹೋದರೆ ಆಫೀಸು. ಅವರು ಏಣಿ ಇಳಿಸಿ, ಬೀಡಿ ಹಚ್ಚಿ, ಹಚ್ಚಿದ ಬೀಡಿ ಮುಗಿಯುವವರೆಗೂ ಅಲ್ಲೇ ನಿಂತರು. ನನ್ನ ಆಯುಸ್ಸಿನಲ್ಲಿ ಅಷ್ಟು ಉದ್ದದ ಬೀಡಿಗಳನ್ನು ನಾನು ಕಂಡಿಲ್ಲ. ಆಮೇಲೆ ಏಣಿ ಎತ್ತಿಕೊಂಡು ನೇರವಾಗಿ ಮೂಲೆಯ ರೂಮಿಗೆ ಹೋದರು. ಅಜ್ಜಿ ಜಗಲಿಯ ಮೇಲಿನ ಬುಟ್ಟಿಯನ್ನು ಸರಿಸಿ ಅವರಿಗೆ ಜಾಗ ಬಿಟ್ಟಳು.

ಮರುದಿನ ಮಧ್ಯಾಹ್ನವೇ ಅದು ಬಡಿದುಕೊಂಡಿತು. ನನ್ನ ಕಾಲ್ ವಾರ. ನಮ್ಮ ಜಗಲಿಯಿಂದ ಮೂಲೆಯ ರೂಮು ಚೆನ್ನಾಗಿ ಕಾಣುತ್ತದೆ, ತಾತನ ದನಿ ಅದಕ್ಕಿಂತ ಚೆನ್ನಾಗಿ ಕೇಳುತ್ತದೆ. ಟೆಲಿಫೋನಿನ ಮೇಲೆ ಅವನಿಗೆ ಇನ್ನೂ ನಂಬಿಕೆ ಬಂದಿರಲಿಲ್ಲವಾದ್ದರಿಂದ ಶಾಫ್ಟಿಗೆ ನೇರವಾಗಿ ಕೇಳಿಸುವಷ್ಟು ಗಟ್ಟಿಯಾಗಿ ಕೂಗುತ್ತಿದ್ದ. "ಆಂ? ಯಾರು? ಬೆಲ್ಟಾ? ಕಿತ್ತೋತಾ? ಯಾವ್ದು, ದೊಡ್ದಾ ಚಿಕ್ದಾ? ಓ, ಚಿಕ್ದು!" ಎಂಬುದೆಲ್ಲ ಲೈನಿಗೆ ಲೈನೇ ಕೇಳಿಸಿಕೊಂಡಿತು. ಕೈಗಳು ನಿಲ್ಲಲೇ ಇಲ್ಲ. ಎಲ್ಲೋ ರುಬ್ಬುಗುಂಡು ಉರುಳುತ್ತಲೇ ಇತ್ತು.

ನಾನು ಎದ್ದು ಚಪ್ಪಲಿಗೆ ಕಾಲು ಹಾಕಿದೆ.

"ಎಲ್ಲಿಗೆ?" ಎಂದಳು ಹೆಂಡತಿ.

"ಚಿಕ್ಕ ಬೆಲ್ಟು ಕಿತ್ತಿದೆಯಂತೆ."

"ನಿಮಗ್ ಯಾರ್ ಹೇಳಿದ್ರು? ಕೂತ್ಕೊಳ್ಳಿ. ಅವರು ಬಂದ್ ಹೇಳ್ಲಿ."

ನಾನು ಚಪ್ಪಲಿ ಬಿಟ್ಟು ಮತ್ತೆ ಮಂಚದ ಮೇಲೆ ಉರುಳಿ ಕಣ್ಣು ಮುಚ್ಚಿಕೊಂಡೆ. ದೂರದಲ್ಲಿ ಯಂತ್ರದ ಗುಂಯ್ ನಿಂತಿತ್ತು, ಅಷ್ಟೂ ಹೊತ್ತು ಬೆನ್ನಿಗೆ ಒರಗಿಕೊಂಡಿದ್ದವರು ಎದ್ದು ಹೋದಂತೆ. ಆ ನಿಶ್ಶಬ್ದದಲ್ಲಿ ಅವನ ಹೆಜ್ಜೆಗಳು ಬರತೊಡಗಿದವು. ಒಂದು, ಆಮೇಲೆ ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಈಗ ದಾರಿಯಲ್ಲಿ ನಿಲ್ಲಬೇಕಾದಷ್ಟು ದೂರವೇನೂ ಇರಲಿಲ್ಲ. ಜಗಲಿ ಅವನ ಭಾರಕ್ಕೆ ದಬ್ ಎಂದಿತು. ಹೆಂಡತಿ ಚೊಂಬು ತಂದಿಟ್ಟಳು. ಅವನು ಕುಡಿದು ಮುಗಿಸುವವರೆಗೆ ನಾನು ನಿದ್ದೆಯಲ್ಲೇ ಇದ್ದೆ.

"ಏಳಪ್ಪಾ ಪಿಟ್ರೇ" ಎಂದ ತಾತ, ಬಾಯಿ ಒರೆಸಿಕೊಂಡು. "ಆ ಪೋನ್ ಒಳ್ಗಿರೋನು ಬಾಳ ಅವಸರದೋನು ಕಣಪ್ಪ. ಊಟ ಆಯ್ತಾ ಅಂತ ಕೇಳುದ್ರೆ ಮಡಗೇಬುಟ್ಟ."